ಹಿಂದಕ್ಕೆ ಗೇರಿಲ್ಲದ ಕಾರು

"ಮೇಡಮ್ಮೋರ, ನಮ್ಮ ಡ್ರೈವರ್ ತೀರ್ಕೊಂಡ, ಸುಮ್ಮನಾದ ನೋಡ್ರಿ," ಎಂದು ಕಂಡಕ್ಟರ್ ಹನುಮಪ್ಪನವರು ಫೋನಿನಲ್ಲಿ ಹೇಳಿದಾಗ ನನಗೆ ಮೊದಲು ಕಣ್ಣ ಮುಂದೆ ಬಂದದ್ದು ಡ್ರೈವರ್ ಕಾಕಾರ ಮುಖವಲ್ಲ, ಎಡಗಾಲು. ಆ ಕಾಲಿಗೆ ಸುಮ್ಮನಿರುವುದು ಗೊತ್ತೇ ಇರಲಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಕೂತರೂ ಅದು ಇಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು. ಮದುವೆಯ ಪಂಕ್ತಿಯಲ್ಲಿ ಕೂತರೆ ಪಕ್ಕದವರ ಎಲೆ ಅಲ್ಲಾಡುತ್ತಿತ್ತು. ಡಿಪೋ ಮ್ಯಾನೇಜರ್ ಸಾಹೇಬರ ಮುಂದೆ ನಿಂತಾಗಲೂ ಅದೇ ಕತೆ. "ಗೇರ್ ಹಾಕೂದು ಮುಗೀತಂದ್ರ ಮಾತಾಡೂಣು," ಎಂದು ಸಾಹೇಬರು ಒಮ್ಮೆ ಪೆನ್ನು ಕೆಳಗಿಟ್ಟು ಕಾದದ್ದನ್ನು ನಾನೇ ನೋಡಿದ್ದೇನೆ.

ಆ ಡಿಪೋದಲ್ಲಿ ನಾನು ಗುಮಾಸ್ತೆ. ಊರು ಬೇವೂರು. ನಮ್ಮ ಮನೆತನ ಕುರಿ ಕಾಯ್ದ ಮನೆತನ. ನನಗಿಂತ ಮುಂಚೆ ಅಲ್ಲಿ ಯಾರೂ ಸಾಲಿ ಮುಗಿಸಿರಲಿಲ್ಲ. ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ಯಾರೂ ಅದನ್ನು ನನಗೆ ತಾಟಿನಲ್ಲಿ ಇಟ್ಟು ಕೊಡಲಿಲ್ಲ. ಆದರೆ ದಿನಾ ಬೆಳಿಗ್ಗೆ ಬೇವೂರಿನಿಂದ ಕೊಪ್ಪಳದ ಕಾಲೇಜಿಗೆ, ಸಂಜೆ ಅಲ್ಲಿಂದ ಮನೆಗೆ ನನ್ನನ್ನು ಮುಟ್ಟಿಸಿದ ಬಸ್ಸು ಅವರದು. ಅಷ್ಟು ಮಾತ್ರ ಸೇರಿಸಿಯೇ ಹೇಳಬೇಕು.

ನಾನು ಕೂರುತ್ತಿದ್ದದ್ದು ಅವರ ಎಡಕ್ಕೆ, ಎಂಜಿನ್ ಮುಚ್ಚಿದ ಬಾನೆಟ್ ಮೇಲೆ. ಬೇಸಿಗೆಯಲ್ಲಿ ಅದು ಕಾದ ಹೆಂಚು. ಮಡಚಿದ ಗೋಣಿಚೀಲವೊಂದನ್ನು ಅವರು ನನಗಾಗಿ ಅಲ್ಲಿ ಇಟ್ಟಿರುತ್ತಿದ್ದರು. ಬಸ್ಸು ಊರು ದಾಟಿದ ಕೂಡಲೇ ಕೇಳುವರು, "ನಿನ್ನೆ ಏನ್ ಕಲಿಸಿದ್ರು?" ನಾನು ಇತಿಹಾಸದ ಯಾವುದೋ ಯುದ್ಧ ಶುರು ಮಾಡುವಷ್ಟರಲ್ಲಿ "ಮುಂದ?" ಎನ್ನುವರು. ಸೈನ್ಯ ಇನ್ನೂ ಹೊರಟಿರುತ್ತಿರಲಿಲ್ಲ. "ಮುಂದ? ಯಾರು ಗೆದ್ರು ಹೇಳ ಮೊದಲ!" ಅವರಿಗೆ ಎಲ್ಲದರ ಮುಂದಿನದು ಬೇಕು. ಹನುಮಪ್ಪನವರು ಹಳೆಯ ಮಾತು ಎತ್ತಿದರೆ "ಅದು ಹೋತು. ಮುಂದ?" ಎಂದು ಕತ್ತರಿಸಿಬಿಡುವರು.

ಬಸ್ಸಿನಲ್ಲಿ ನಮ್ಮೂರಿನ ಹಿರಿಯರೊಬ್ಬರು ಒಮ್ಮೆ ನನ್ನಪ್ಪನನ್ನು ಎಲ್ಲರೆದುರು ಹಿಡಿದರು. "ಬೆಳೆದ ಹುಡುಗಿನ ದಿನಾ ಕೊಪ್ಪಳಕ್ಕ ಕಳಸ್ತೀಯಲ್ಲೋ, ನಾಳೆ ಒಂದು ಹೆಚ್ಚು ಕಡಿಮಿ ಆದ್ರ?" ಅಪ್ಪ ತಲೆ ತಗ್ಗಿಸಿದ. ಇವರು ಬಸ್ಸನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ನಿಲ್ಲಿಸುವುದೆಂದರೆ ಅವರಿಗೆ ಶಿಕ್ಷೆ, ಆದರೂ ನಿಲ್ಲಿಸಿದರು. ತಿರುಗಿ ಹೇಳಿದರು, "ಕರಕೊಂಡು ಹೋಗಾಂವ ನಾ, ಕರಕೊಂಡು ಬರಾಂವ ನಾ. ಕೇಳೂದಿದ್ರ ನನ್ನ ಕೇಳ್ರಿ. ಆಕಿ ಅಪ್ಪನ ಯಾಕ ಕೇಳ್ತೀರಿ?" ಆಮೇಲೆ ಯಾರೂ ಕೇಳಲಿಲ್ಲ.

ಕಡೆಯ ವರ್ಷದ ಪರೀಕ್ಷೆಯ ದಿನಗಳಲ್ಲಿ ದಾರಿಯ ಚಹಾದಂಗಡಿಯ ಮುಂದೆ ಬಸ್ಸು ನಿಲ್ಲಲಿಲ್ಲ. "ಇವತ್ತ ಚಾ ಇಲ್ಲ! ಹುಡುಗಿ ಪೇಪರ್ ಐತಿ!" ಎಂದು ಅವರು ಕೂಗಿದರೆ ಹಿಂದಿನ ಸೀಟಿನ ಮುದುಕಿ, "ಹೋಗಲೇಳಪಾ, ಆಕಿ ಪಾಸಾದ್ರ ಆಕೀನ ಕುಡಸ್ತಾಳ," ಎಂದಳು. ಪಾಸಾದೆ. ಇಡೀ ಬಸ್ಸಿಗೆ ಕುಡಿಸಿದೆ.

ನನಗೆ ಡಿಪೋದಲ್ಲಿ ಕೆಲಸ ಸಿಕ್ಕ ದಿನದಿಂದ ಅವರು ನನ್ನನ್ನು ಮಂದಿಯ ಎದುರು 'ಮೇಡಮ್ಮೋರ' ಎಂದು ಕರೆಯತೊಡಗಿದರು. ಮಂದಿ ಇಲ್ಲದಾಗ 'ತಂಗಿ'. ನಾನು ಎರಡೂ ಕಡೆ 'ಕಾಕಾ' ಎಂದೇ ಕರೆದೆ.

ಅವರು ಮೊದಲು ಹಿಡಿದ ಸ್ಟೇರಿಂಗ್ ಲಾರಿಯದೂ ಅಲ್ಲ, ಟ್ರ್ಯಾಕ್ಟರಿನದೂ ಅಲ್ಲ. ಇದನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಹುಟ್ಟಿದ್ದು ಗಂಗಾವತಿ. ಹರೆಯದಲ್ಲಿ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊತ್ತರು. ಅಲ್ಲಿ ಟಾಕೀಸಿನ ಹಿಂದಿನ ಓಣಿಯಲ್ಲಿ ಒಂದು ವಿಡಿಯೋ ಗೇಮಿನ ಅಂಗಡಿ. ಎಲ್ಲವೂ ಗುದ್ದಾಡುವ ಆಟಗಳು, ಮೂಲೆಯಲ್ಲಿ ಒಂದು ಮಾತ್ರ ಕಾರಿನದು. ಅದಕ್ಕೆ ಕೂರಲು ಸೀಟು, ಹಿಡಿಯಲು ಸ್ಟೇರಿಂಗ್, ಎಡಕ್ಕೆ ಗೇರು, ಕೆಳಗೆ ಎಕ್ಸಿಲೇಟರು, ಬ್ರೇಕು. ಪರದೆಯ ಮೇಲೆ ಕೆಂಪು ಕಾರು, ಸಮುದ್ರದ ದಂಡೆಯ ರಸ್ತೆ. "ಸಮುದ್ರ ನಾ ಮೊದಲ ನೋಡಿದ್ದ ಅಲ್ಲಿ, ತಂಗಿ. ಖರೇ ಸಮುದ್ರ ಆಮ್ಯಾಲ ನೋಡಿದೆ, ಅಷ್ಟೇನ ನೀಲಿ ಇರಲಿಲ್ಲ." ಪರದೆಯ ತುದಿಯಲ್ಲಿ ಉಳಿದ ಹೊತ್ತಿನ ಅಂಕಿ ಇಳಿಯುತ್ತ ಬರುತ್ತದೆ. ಅದು ಮುಗಿಯುವುದರೊಳಗೆ ರಸ್ತೆಯ ಮೇಲಿನ ಕಮಾನು ದಾಟಿದರೆ ಇನ್ನಷ್ಟು ಹೊತ್ತು ಸಿಗುತ್ತದೆ, ದಾಟದಿದ್ದರೆ ಆಟ ಮುಗಿಯಿತು. ಆ ಸ್ಟೇರಿಂಗ್ ಸವೆದು ಕೈ ಜಾರುತ್ತಿತ್ತಂತೆ. ಇವರೇ ಸೈಕಲ್ ಟ್ಯೂಬು ತಂದು ಸುತ್ತಿದ್ದರಂತೆ.

ಆಮೇಲೆ ಭತ್ತದ ಲಾರಿಗೆ ಕ್ಲೀನರ್ ಆದರು. ಒಂದು ದಿನ ಲಾರಿ ಡ್ರೈವರ್ ಮಿಲ್ಲಿನ ಅಂಗಳದಲ್ಲಿ ಸ್ಟೇರಿಂಗ್ ಕೊಟ್ಟು "ಹೊಡಿ ನೋಡೂಣು," ಎಂದ. ಇವರು ಹೊಡೆದರು. ಡ್ರೈವರಿಗೆ ಖುಷಿಯಾಗಿ, "ಛಲೋ ಹೊಡೀತೀಯಲ್ಲೋ! ಈಗ ಹಿಂದಕ್ಕ ತಗೊಂಡು ಗೋದಾಮಿಗೆ ಹಚ್ಚು," ಎಂದು ಇಳಿದುಹೋದ. ಹಿಂದಕ್ಕೆ? ಆ ಆಟದ ಕಾರಿಗೆ ಹಿಂದಕ್ಕೆ ಹೋಗುವ ಗೇರೇ ಇರಲಿಲ್ಲ. ಇವರು ಲಾರಿಯನ್ನು ಮುಂದಿನ ಗೇಟಿನಿಂದ ಹೊರಗೆ ತೆಗೆದು, ಅರ್ಧ ಗಂಗಾವತಿ ಸುತ್ತು ಹಾಕಿಕೊಂಡು, ಮಿಲ್ಲಿನ ಹಿಂದಿನ ಗೇಟಿನಿಂದ ಒಳಗೆ ಬಂದು ಗೋದಾಮಿಗೆ ಹಚ್ಚಿದರು. ಲಾರಿ ಕಳುವಾಯಿತೆಂದು ಮಾಲೀಕ ಅಂಗಳದ ನಡುವೆ ತಲೆ ಮೇಲೆ ಕೈ ಹೊತ್ತು ನಿಂತಿದ್ದನಂತೆ.

ಹಿಂದಕ್ಕೆ ಹೋಗುವುದನ್ನು ಆಮೇಲೆ ಕಲಿತರು, ಆದರೆ ಒಪ್ಪಲಿಲ್ಲ. ಬೇವೂರಿನಲ್ಲಿ ಮೊದಲು ಬಸ್ಸು ತಿರುಗಲು ಬಯಲಿತ್ತು, ಒಂದು ಸುತ್ತು ಹೊಡೆದು ಬರುತ್ತಿದ್ದರು. ಅಲ್ಲಿ ಅಂಗಡಿಗಳು ಎದ್ದ ಮೇಲೆ ರಿವರ್ಸ್ ಹಾಕಿಯೇ ತಿರುಗಿಸಬೇಕಾಯಿತು. ಹನುಮಪ್ಪನವರು ಹಿಂದೆ ನಿಂತು ಸೀಟಿ ಊದುತ್ತ "ಬರ್ಲಿ, ಬರ್ಲಿ" ಎನ್ನುವರು, ಇವರು ಮುಂದಿನಿಂದ "ಬರಾಕ ಹತ್ತೀನೋ ಮಾರಾಯಾ!" ಎಂದು ಬೈಯುವರು. ಪ್ರತಿದಿನವೂ ಅದೇ ಜಗಳ.

ನಿವೃತ್ತಿಗೆ ಇನ್ನು ಒಂದು ವರ್ಷವೂ ಇಲ್ಲ ಎನ್ನುವಾಗ ಲಕ್ವಾ ಹೊಡೆಯಿತು. ಒಂದು ಬೆಳಿಗ್ಗೆ ಎಡಗೈಯಿಂದ ನೀರಿನ ತಂಬಿಗೆ ಎತ್ತಲಾಗಲಿಲ್ಲ. ಹೊತ್ತಿಗೆ ಸರಿಯಾಗಿ ದವಾಖಾನೆಗೆ ಸೇರಿಸಿದ್ದರಿಂದ ಮಾತು ಉಳಿಯಿತು, ಕಾಲು ಉಳಿಯಿತು. ಎಡಗೈ ಮಾತ್ರ ಹಿಂದೆ ಬಿತ್ತು. ಹೇಳಿದ್ದನ್ನು ಮಾಡುತ್ತಿತ್ತು, ಆದರೆ ಹೇಳಿದ ಗಳಿಗೆಯಲ್ಲಲ್ಲ, ಸ್ವಲ್ಪ ತಡೆದು.

ಡ್ರೈವರಿಗೆ ಎಡಗೈ ಎಂದರೆ ಗೇರು. ಅವರನ್ನು ಸ್ಟೇರಿಂಗಿನಿಂದ ಇಳಿಸಿ ಬಸ್ ಸ್ಟ್ಯಾಂಡಿನ ಮೈಕಿನ ಕೋಣೆಯಲ್ಲಿ ಕೂರಿಸಿದರು. ಪ್ರಕಟಣೆ ಹೇಳುವ ಕೆಲಸ. "ಪ್ರಯಾಣಿಕರ ಗಮನಕ್ಕೆ, ಕುಷ್ಟಗಿ ಮಾರ್ಗವಾಗಿ ಹೋಗುವ ಬಸ್ಸು ಈಗ ಹೊರಡಲಿದೆ," ಎಂದು ಪುಸ್ತಕದ ಭಾಷೆಯಲ್ಲಿ ಶುರು ಮಾಡುವರು. ಬಸ್ಸು ಹೊರಡದಿದ್ದರೆ ಅದೇ ಮೈಕಿನಲ್ಲಿ, "ಏ, ತಗೀಯೋ ಮಗನ! ಯಾರ ಮಕ ನೋಡಿಕೊಂತ ಕುಂತಿ!" ಇಡೀ ಸ್ಟ್ಯಾಂಡು ನಗುತ್ತಿತ್ತು. ಅವರು ನಗುತ್ತಿರಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಡ್ರೈವರ್ ನಿವೃತ್ತಿಯಾಗುವ ದಿನ ಅವನ ಬಸ್ಸಿಗೆ ಬಾಳೆಕಂಬ ಕಟ್ಟುತ್ತಾರೆ, ಚೆಂಡುಹೂವಿನ ಮಾಲೆ ಹಾಕುತ್ತಾರೆ. ಅವನೇ ತನ್ನ ದಾರಿಯಲ್ಲಿ ಕಡೆಯ ಟ್ರಿಪ್ ಹೊಡೆಯುತ್ತಾನೆ. ಊರೂರಲ್ಲಿ ಜನ ನಿಲ್ಲಿಸಿ ಹಾರ ಹಾಕಿ ಬಾಯಿಗೆ ಸಕ್ಕರೆ ಇಡುತ್ತಾರೆ. ಸ್ಟೇರಿಂಗಿನಿಂದ ಮೊದಲೇ ಇಳಿದವನಿಗೆ ಅದಿಲ್ಲ. ಆಫೀಸಿನಲ್ಲಿ ಒಂದು ಶಾಲು, ಹಣ್ಣಿನ ಬುಟ್ಟಿ, ಎರಡು ಮಾತು.

"ನಂದೂ ಒಂದು ಕಡೀ ಟ್ರಿಪ್ ಆಗಬೇಕು, ತಂಗಿ," ಎಂದು ಅವರು ನನ್ನ ಟೇಬಲ್ಲಿನ ಮುಂದೆ ನಿಂತು ಹೇಳಿದರು. "ಸ್ಟೇರಿಂಗ್ ಹಿಡದ ಇಳೀಬೇಕು. ಮೈಕ್ ಹಿಡದ ಅಲ್ಲ."

ನಾನು ಸಾಹೇಬರಲ್ಲಿ ಹೋಗಿ ಕೇಳಿದೆ. ನನಗೆ ಹೆದರಿಕೆ ಕಡಿಮೆ. ವೈದ್ಯರು ಒಪ್ಪಿದರೆ ಡಿಪೋದ ಅಂಗಳದಲ್ಲಿ ಓಡಿಸಿ ನೋಡೋಣ, ಸರಿ ಕಂಡರೆ ಕಡೆಯ ದಿನಕ್ಕಷ್ಟೇ, ಪಕ್ಕದಲ್ಲಿ ಇನ್ನೊಬ್ಬ ಡ್ರೈವರನ್ನು ಕೂರಿಸಿ ಬಿಡೋಣ ಎಂದರು. ವೈದ್ಯರು ಹಿಸುಕಲು ರಬ್ಬರ್ ಚೆಂಡು ಕೊಟ್ಟರು. ಕೆಲವು ದಿನ ಹಿಸುಕಿ ಇವರು ಅದನ್ನು ನನ್ನ ಡ್ರಾದಲ್ಲಿ ಎಸೆದರು. "ಬ್ಯಾಸರ ಬಂತು. ಎಷ್ಟು ಹಿಸುಕಿದ್ರೂ ಇದು ಎಲ್ಲಿಗೂ ಹೋಗಂಗಿಲ್ಲ."

ಆಮೇಲೆ ವಾರದ ರಜೆಯ ದಿನ ಅವರು ಮನೆಯಲ್ಲಿ ಸಿಗುವುದು ನಿಂತಿತು. ಎಲ್ಲಿಗೆ ಹೋಗುತ್ತಾರೆ ಎಂದು ಹನುಮಪ್ಪನವರಿಗೂ ಗೊತ್ತಿಲ್ಲ.

ನನಗೆ ಗೊತ್ತಾದದ್ದು ಒಂದು ಭಾನುವಾರ. ನನ್ನ ತಂಗಿಯ ಮದುವೆಗೆ ಸೀರೆ ತರಲು ಗಂಗಾವತಿಗೆ ಹೋಗಿದ್ದೆ. ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಹೊಸದಾಗಿ ಒಂದು ಗೇಮ್ ಝೋನ್ ಆಗಿತ್ತು. ಗಾಜಿನ ಗೋಡೆ, ಒಳಗೆ ನೀಲಿ ಬೆಳಕು. ಆ ನೀಲಿಯ ನಡುವೆ ಒಂದು ಖಾಕಿ ಅಂಗಿ! ನಮ್ಮ ಕಾಕಾ, ರಜೆಯ ದಿನ, ಯೂನಿಫಾರ್ಮ್ ಹಾಕಿಕೊಂಡು ಕಾರಿನ ಆಟದ ಸೀಟಿನಲ್ಲಿ ಕೂತಿದ್ದಾರೆ. ಶುರು ಮಾಡುವ ಮುಂಚೆ ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

"ಬಾ ತಂಗಿ, ಬಾ! ಅದ ಆಟ!" ನನ್ನನ್ನು ಕಂಡು ಅವರಿಗೆ ಮುಜುಗರವಾಗಲಿಲ್ಲ. ಟಾಕೀಸಿನ ಹಿಂದಿನ ಓಣಿಯ ಆ ಹಳೆಯ ಆಟವನ್ನೇ ಈಗ ಹೊಸದು ಮಾಡಿ ಬಿಟ್ಟಿದ್ದಾರಂತೆ. ಅದೇ ಕೆಂಪು ಕಾರು, ಅದೇ ಸಮುದ್ರ, ಶುರುವಿಗೆ ಅದೇ ವಾದ್ಯ. "ಆಗ ತೆಂಗಿನ ಗಿಡ ಅಂದ್ರ ಹಸರು ಹಸರು ಇಟ್ಟಂಗಿ ಜೋಡಿಸಿದಂಗ ಇದ್ದವು. ಈಗ ನೋಡ, ಗರಿ ಸುದ್ದಾ ಅಳ್ಳಾಡತಾವ! ಸ್ಟೇರಿಂಗ್ ಹಿಡಿ ಇಲ್ಲಿ, ಹಿಡಿ. ರಸ್ತಾ ಕೆಟ್ಟಲ್ಲಿ ನಡಗತೈತಿ. ಚೆಂಡು ಹಿಂಗ ಮಾತಾಡತಿತ್ತೇನು?"

ಅವರು ಆಡುವುದನ್ನು ನಿಂತು ನೋಡಿದೆ. ಎದುರು ಬಂದ ಕಾರಿಗೆಲ್ಲ ಬಾಯಿಂದಲೇ ಹಾರ್ನ್ ಹಾಕುವರು. ರಸ್ತೆಯ ಎಡಬದಿ ಬಿಡುವುದಿಲ್ಲ. ಕಮಾನು ಕಂಡಿತು, ಕಾರು ನಿಧಾನವಾಯಿತು, ಕಮಾನಿನ ಕೆಳಗೆ ಬಂದು ನಿಂತೇಬಿಟ್ಟಿತು. ಮೇಲೆ ಹೊತ್ತಿನ ಅಂಕಿ ಇಳಿಯುತ್ತಲೇ ಇದೆ.

ಅಲ್ಲಿ ಕೆಲಸಕ್ಕಿದ್ದವಳು ಕಾಲುವೆ ಕಡೆ ನೆಲೆಸಿದ ಆಂಧ್ರದ ರೈತರ ಕ್ಯಾಂಪಿನ ತೆಲುಗು ಹುಡುಗಿ. ಓಡಿಬಂದಳು. "ಅಯ್ಯೋ ತಾತಗಾರೂ, ಮತ್ತೆ ನಿಲ್ಸಿದ್ರಾ! ಅಲ್ಲಿ ಬ್ರೇಕ್ ಯಾಕಂಡೀ? ಹೋಗ್ತಾ ಇರ್ರಿ!"

"ಕಂಟ್ರೋಲ್ ಪಾಯಿಂಟ್ ಐತವಾ. ನಿಂದ್ರಸಿ ಸಹಿ ಹಾಕಿಸದ ಹೋದ್ರ ನಾಳೆ ಮೆಮೊ ಬರತೈತಿ."

ಸುತ್ತ ಇದ್ದವರು ನಕ್ಕರು, ಅವರೂ ನಕ್ಕರು. "ಏನ್ ಮಾಡ್ಲಿ, ಹರೇದಾಗ ಇದರಂಗ ಬಸ್ ಹೊಡದೆ, ಮೆಮೊ ತಗೊಂಡೆ. ಈಗ ಬಸ್ಸಿನಂಗ ಇದನ್ನ ಹೊಡೀತೀನಿ, ಸೋಲತೀನಿ."

ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿದರು. ನಾನು ಮೊದಲ ತಿರುವಿನಲ್ಲೇ ಸಮುದ್ರಕ್ಕೆ ಬಿದ್ದೆ. ಕಾರು ಗಿರಗಿರ ಪಲ್ಟಿ ಹೊಡೆಯಿತು, ಮಿಣುಕಿತು, ಏನೂ ಆಗದ ಹಾಗೆ ಮತ್ತೆ ರಸ್ತೆಯ ನಡುವೆ ಬಂದು ನಿಂತಿತು. "ಹೊಡಿ, ಹೊಡಿ, ಏನಾಗಿಲ್ಲ," ಎಂದರು. ಆದರೆ ಅವರ ಕಾರು ಗುಡ್ಡಕ್ಕೆ ತಾಗಿದಾಗ ಹಾಗೆ ಅನ್ನಲಿಲ್ಲ. ಅದು ತಾಗುತ್ತಿದ್ದದ್ದು ಒಂದೇ ಕಡೆ, ಗೇರು ಇಳಿಸಿ ಕೂಡಲೇ ಎಡಕ್ಕೆ ಹೊರಳಬೇಕಾದ ತಿರುವಿನಲ್ಲಿ. ಎಡಗೈ ಗೇರಿನಿಂದ ಸ್ಟೇರಿಂಗಿಗೆ ಬರುವಷ್ಟರಲ್ಲಿ ಗುಡ್ಡ ಬಂದಿರುತ್ತಿತ್ತು. ಪ್ರತಿ ಸಲ ತುಟಿ ಕಚ್ಚಿ ಮತ್ತೆ ಶುರು ಮಾಡಿದರು. ನನಗೆ ಬಸ್ಸಿನ ಹೊತ್ತಾಯಿತು ಎಂದರೆ ಕೇಳಿಸಲೇ ಇಲ್ಲ.

ಸುದ್ದಿ ಡಿಪೋಕ್ಕೆ ಬರಲು ತಡವಾಗಲಿಲ್ಲ. ಹನುಮಪ್ಪನವರಿಗೆ ಹಬ್ಬ. "ಏನಪಾ, ಸಮುದ್ರದ ದಂಡಿಗೆ ಟಿಕೆಟ್ ಎಷ್ಟು ಇಟ್ಟಿ?"

"ನಿನ್ನ ಬಿಟ್ಟು ಹೊಡೀತೀನಿ, ಅದಕ್ಕ ಟೈಮಿಗೆ ಮುಟ್ಟತೀನಿ."

ನಿಜಕ್ಕೂ ಮುಟ್ಟತೊಡಗಿದರು. ಕಮಾನಿನ ಕೆಳಗೆ ನಿಲ್ಲುವುದು ಬಿಟ್ಟರು. ರಜೆಯ ಮರುದಿನ ಬೆಳಿಗ್ಗೆ ನನ್ನ ಟೇಬಲ್ಲಿಗೆ ಬಂದು ವರದಿ ಒಪ್ಪಿಸುವರು: ನಿನ್ನೆ ಗುಡ್ಡ ದಾಟಿದೆ, ನಿನ್ನೆ ಕಡೆಯ ಕಮಾನು ಕಂಡೆ. ಕಾಲು ಕುಣಿಯುತ್ತಿತ್ತು. ಹೇಳುತ್ತ ಹೇಳುತ್ತ ಎಡಗೈಯಿಂದ ನನ್ನ ಸ್ಟೇಪ್ಲರನ್ನು ಎತ್ತಿ ಇಡುವರು, ಎತ್ತಿ ಇಡುವರು. ವೈದ್ಯರು ಮತ್ತೆ ನೋಡಿ, ಕೈ ಸುಧಾರಿಸಿದೆ, ಓಡಿಸಿ ತೀರ್ಮಾನ ಮಾಡಿ ಎಂದರು.

ಡಿಪೋದ ಅಂಗಳದಲ್ಲಿ ಟ್ರಯಲ್. ಡ್ರಮ್ಮುಗಳನ್ನು ಸಾಲಾಗಿ ಇಟ್ಟಿದ್ದರು. ಸಾಹೇಬರು, ಹನುಮಪ್ಪನವರು, ನಾನು, ಗ್ರೀಸ್ ಕೈಯ ಮೆಕ್ಯಾನಿಕ್ಕುಗಳು ಎಲ್ಲ ನಿಂತಿದ್ದೆವು. ಅವರು ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಬಸ್ಸು ಎತ್ತಿದರು. ಡ್ರಮ್ಮಿನ ನಡುವೆ ಹಾವಿನ ಹಾಗೆ ತೆಗೆದರು. ನಿಲ್ಲಿಸಿದರು, ಎತ್ತಿದರು. ಹನುಮಪ್ಪನವರ ಸೀಟಿಗೆ ಬೈಯದೆ ರಿವರ್ಸ್ ಕೂಡ ಬಂದರು. ಒಂದು ಡ್ರಮ್ಮೂ ಅಲ್ಲಾಡಲಿಲ್ಲ. ಮೆಕ್ಯಾನಿಕ್ಕುಗಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

"ಆತ್ರೀಪಾ," ಎಂದರು ಸಾಹೇಬರು. "ಕಡೀ ದಿನ ನೀವ ಹೊಡೀರಿ. ಬಾಜೂಕ ಒಬ್ಬ ಡ್ರೈವರ್‌ನ್ನ ಕುಂದ್ರಸ್ತೀನಿ."

ಅವರು ಇಳಿಯಲಿಲ್ಲ. ಎಂಜಿನ್ ಓಡುತ್ತಲೇ ಇತ್ತು. ಎಡಗೈಯನ್ನೊಮ್ಮೆ ನೋಡಿಕೊಂಡು, ಬಂದ್ ಮಾಡಿದರು.

"ಬ್ಯಾಡ್ರಿ, ಸಾಹೇಬ್ರ."

ನಮಗೆ ಅರ್ಥವಾಗಲಿಲ್ಲ.

"ಕಡೀ ಡ್ರಮ್ಮಿನ ಕಡೆ ಎಡಕ್ಕ ಹೊಳ್ಳೂಮುಂದ ಕೈ ತಡಾ ಆತ್ರಿ. ನೀವು ಯಾರೂ ನೋಡಲಿಲ್ಲ. ನನಗ ಗೊತ್ತಾತು."

"ಅಷ್ಟು ಎಲ್ಲಾರಿಗೂ ಆಗತೈತಿ ಬಿಡ್ರಿ. ಬಾಜೂಕ ಇನ್ನೊಬ್ಬ ಇರ್ತಾನಲ್ಲ," ಎಂದರು ಸಾಹೇಬರು.

"ಅವನ ಕೈಗೆ ಸ್ಟೇರಿಂಗ್ ಸಿಗೂದ್ರಾಗ ಬಸ್ ತೆಗ್ಗಿನಾಗ ಇರತೈತ್ರಿ." ಅವರು ಕೆಳಗಿಳಿದು ಬಂದರು. "ಆ ಆಟದಾಗ ಕಾರು ಪಲ್ಟಿ ಹೊಡದ್ರ ತಾನ ಮತ್ತ ರಸ್ತಾದ ಮ್ಯಾಲ ಬಂದು ನಿಂದ್ರತೈತಿ. ನನ್ನ ಬಸ್ಸಿನಾಗ ಕುಂತ ಮಂದಿ ಹಂಗ ಬಂದು ನಿಂದ್ರಂಗಿಲ್ಲರಿ."

ನನಗೆ ಸಿಟ್ಟು ಬಂತು. ಸಾಹೇಬರು ಹೋದ ಮೇಲೆ ಜಗಳ ತೆಗೆದೆ. ಇದಕ್ಕಾಗಿ ಇಷ್ಟು ದಿನ ಗಂಗಾವತಿಗೆ ಅಲೆದಿರೇನು, ಒಂದು ದಿನ, ಒಂದೇ ಟ್ರಿಪ್, ಯಾರು ಏನನ್ನುತ್ತಿದ್ದರು ಎಂದೆ. ಅವರು ಕೇಳಿಸಿಕೊಂಡರು. 'ಮುಂದ' ಎನ್ನಲಿಲ್ಲ. ಕಡೆಗೆ ಒಂದೇ ಪ್ರಶ್ನೆ ಕೇಳಿದರು.

"ಆ ಬಾನೆಟ್ ಮ್ಯಾಲ ಈಗ ಯಾರ್ ಕುಂದರ್ತಾರ, ತಂಗಿ?"

ಬೇವೂರಿನಿಂದ ಈಗ ಕಾಲೇಜಿಗೆ ಹುಡುಗಿಯರ ಹಿಂಡೇ ಬರುತ್ತದೆ. ಬಾನೆಟ್ ಮೇಲೆ ಜಾಗಕ್ಕೆ ಜಗಳವಾಗುತ್ತದೆ.

ಕಡೆಯ ದಿನ ಬಸ್ಸಿಗೆ ಬಾಳೆಕಂಬ ಕಟ್ಟಿದ್ದರು. ಕಟ್ಟಿಸಿದ್ದು ಹನುಮಪ್ಪನವರು. "ಹೊಡದ್ರೇನು, ಕುಂತ್ರೇನು, ಬಸ್ ಅವಂದ," ಎಂದು ಡಿಪೋದಲ್ಲಿ ಎಲ್ಲರ ಬಾಯಿ ಮುಚ್ಚಿಸಿದ್ದರು. ಬೇರೊಬ್ಬ ಡ್ರೈವರ್ ಸ್ಟೇರಿಂಗ್ ಹಿಡಿದ. ಕಾಕಾ ಬಾನೆಟ್ ಮೇಲೆ, ಗೋಣಿಚೀಲದ ಮೇಲೆ, ಹುಡುಗಿಯರ ನಡುವೆ ಕೂತರು. ನಾನು ರಜೆ ಹಾಕಿ ಅದೇ ಬಸ್ಸು ಹತ್ತಿದ್ದೆ. ದಾರಿಯುದ್ದಕ್ಕೂ ಅವರ ಎಡಗಾಲು ಬಸ್ಸಿನ ನೆಲವನ್ನು ಒತ್ತುತ್ತ ಬಂತು. ಪ್ರತಿ ತಿರುವಿನಲ್ಲಿ ಮೈ ಮುಂಚೆಯೇ ವಾಲುತ್ತಿತ್ತು. "ಗೇರ್ ಇಳಸಪಾ… ಎತ್ತೀಗ… ಏ, ಕುರಿ ಅದಾವ, ಕುರಿ!" ಆ ಪಾಪದ ಡ್ರೈವರ್ ಬೆವತು ಹೋದ. ನಿಲ್ಲಿಸಿದಲ್ಲೆಲ್ಲ ಜನ ಹಾರ ತಂದು ಅಭ್ಯಾಸದಿಂದ ಡ್ರೈವರ್ ಬಾಗಿಲಿಗೆ ಹೋಗುವರು, ಅಲ್ಲಿ ಬೇರೆ ಮುಖ ಕಂಡು ಬಸ್ಸು ಸುತ್ತಿಕೊಂಡು ಈ ಕಡೆಗೆ ಬರುವರು.

ಬೇವೂರು ಬಂತು. ಬಸ್ಸು ತಿರುಗಿಸಬೇಕು. ಹನುಮಪ್ಪನವರು ಸೀಟಿ ಬಾಯಿಗಿಡುವಷ್ಟರಲ್ಲಿ ಕಾಕಾ ಅದನ್ನು ಕಿತ್ತುಕೊಂಡು ಕೆಳಗಿಳಿದರು. ಬಸ್ಸಿನ ಹಿಂದೆ ಹೋಗಿ ನಿಂತರು, ನಾನೂ ಇಳಿದು ಅವರ ಹತ್ತಿರ ಹೋದೆ. ಅಷ್ಟು ವರ್ಷ ಓಡಿಸಿದ ಬಸ್ಸಿನ ಹಿಂದೆ ಅವರು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೀಟಿ ಊದಿದರು. "ಬರ್ಲಿ… ಬರ್ಲಿ… ನಿಧಾನಕ… ಬರ್ಲಿ…" ಬಾಳೆಯ ಎಲೆ ಅಲ್ಲಾಡಿಸುತ್ತ ಬಸ್ಸು ಹಿಂದಕ್ಕೆ ಬಂತು. ಅವರು ಅಂಗೈಯಿಂದ ಅದರ ಬೆನ್ನು ತಟ್ಟಿ ನಿಲ್ಲಿಸಿದರು. ಕುತ್ತಿಗೆ ಎತ್ತಿ ಮೇಲಿನವರೆಗೆ ನೋಡಿದರು.

"ಎಷ್ಟು ದೊಡ್ಡದೈತಲ್ಲ, ತಂಗಿ! ಇಷ್ಟು ದೊಡ್ಡದನ್ನ ಹೊಡೀತಿದ್ನೇನ ನಾ?"

ನನ್ನ ಉತ್ತರಕ್ಕೆ ಕಾಯಲಿಲ್ಲ. ಕಾಯುವವರೇ ಅಲ್ಲ. ಹೊರಡಲು ಹೇಳುವ ಎರಡು ಸೀಟಿ ಊದಿಬಿಟ್ಟರು. ಡ್ರೈವರ್ ಅದನ್ನು ನಂಬಿ ಬಸ್ಸು ಎತ್ತಿದ, ನಾವಿಬ್ಬರೂ ಇನ್ನೂ ಕೆಳಗೇ ಇದ್ದೆವು. "ಏ ಹುಚ್ಚಾ, ಹತ್ತಿ ಊದಬೇಕೋ!" ಎಂದು ಹನುಮಪ್ಪನವರು ಬಾಗಿಲಿನಿಂದ ಕೂಗಿದರು. ಕಾಕಾ ನಗುತ್ತ, ಕೊರಳ ಹಾರ ಹಿಡಿದುಕೊಂಡು, ತಮ್ಮದೇ ಬಸ್ಸಿನ ಹಿಂದೆ ದಾಪುಗಾಲು ಹಾಕಿದರು. ಹನುಮಪ್ಪನವರು ಬಾಗಿ ಕೈ ಚಾಚಿದರು.

ಕಾಕಾ ಎಡಗೈ ಕೊಟ್ಟರು.